ಹಬ್ಶಿಗಳ ಗೋಡೆಚಿತ್ರ: ಬೀದರಿನ ಒಬ್ಬ ಪೇಂಟರ್ ಕೆಲಸದ ವಿಮರ್ಶೆ

ಬೀದರಿನ ನಮ್ಮ ಓಣಿಯ ವಾಚನಾಲಯದ ಕಾಂಪೌಂಡ್ ಗೋಡೆಯ ಮೇಲೆ, ಆಫ್ರಿಕಾದಿಂದ ಬಂದು ದಖನ್ನಿನಲ್ಲಿ ನೆಲೆಸಿದ ಹಬ್ಶಿಗಳ ಚಿತ್ರ ಬರೆಸಲು ತೀರ್ಮಾನಿಸಿ, ಅಂಗಡಿಗಳ ಬೋರ್ಡ್ ಬರೆಯುವ ಸ್ಥಳೀಯ ಪೇಂಟರ್ ಒಬ್ಬರಿಗೆ ಚದರಡಿಗೆ 90 ರೂಪಾಯಿಯಂತೆ ಕೆಲಸ ಒಪ್ಪಿಸಿದ್ದೆವು. ಗೋಡೆ 30 ಅಡಿ ಉದ್ದ, 7 ಅಡಿ ಎತ್ತರ. ಒಂಬತ್ತು ದಿನವೆಂದ ಕೆಲಸಕ್ಕೆ ಹದಿನಾರು ದಿನ ಹಿಡಿಯಿತು. ಮಳೆಯೂ ಬಂದಿತ್ತಾದ್ದರಿಂದ ಅದನ್ನು ದೂರಾಗಿ ಬರೆಯುತ್ತಿಲ್ಲ.

ನನ್ನ ತಕರಾರು ಮುಖಗಳ ಬಣ್ಣದ್ದು. ನಗರದ ಪೂರ್ವಕ್ಕಿರುವ ಹಬ್ಶಿ ಕೋಟ್ ದಿಬ್ಬ, ಅಲ್ಲಿಯ ಅಬಿಸೀನಿಯಾದ (ಇಂದಿನ ಇಥಿಯೋಪಿಯಾ) ಸರದಾರರ ಗೋರಿಗಳು, ಬಹಮನಿಗಳ ಕೊನೆಗಾಲದಲ್ಲಿ ಕಲಬುರಗಿಯನ್ನು ಆಳಿದ ಹಬ್ಶಿ ಅಮೀರ ದಸ್ತೂರ್ ದೀನಾರ್, ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟಗೊಂಡು ಮುಂದೆ ಅಹಮದನಗರ ರಾಜ್ಯದ ಆಡಳಿತವನ್ನೇ ಹಿಡಿದು 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್, ಇಷ್ಟನ್ನೂ ಅವರು ಅಚ್ಚುಕಟ್ಟಾಗಿಯೇ ಬರೆದರು. ಆದರೆ ಎಲ್ಲರಿಗೂ ಗೋಧಿ ಬಣ್ಣ ಬಳಿದಿದ್ದರು. ಕೇಳಿದರೆ, "ಕಪ್ಪು ಹಚ್ಚಿದರ ದೊಡ್ಡವರಂಗ ಕಾಣಂಗಿಲ್ರೀ ಸರ್" ಎಂದರು. ಆ ಕಾಲದ ಕಿರುಚಿತ್ರಗಳಲ್ಲಿ ಅಂಬರ್ ಬಿಳಿಯ ನಿಲುವಂಗಿ ತೊಟ್ಟ ಕಪ್ಪು ಮೈಬಣ್ಣದ ಮನುಷ್ಯನಾಗಿಯೇ ನಿಂತಿದ್ದಾನೆ. ಚಿತ್ರಿಸಿದ ಮೊಗಲ್ ಕಲಾವಿದರ ದೊರೆಗೆ ಅವನು ಶತ್ರುವಾಗಿದ್ದರೂ ಅವನ ಗತ್ತು ಆ ಚಿತ್ರಗಳಲ್ಲಿ ಕುಗ್ಗಿಲ್ಲ. ಮೊಬೈಲಿನಲ್ಲಿ ಅದನ್ನು ತೋರಿಸಿದ ಮೇಲೆ ಪೇಂಟರ್ ಹೆಚ್ಚು ವಾದಿಸದೆ, ಹೆಚ್ಚಿಗೆ ಕೂಲಿಯನ್ನೂ ಕೇಳದೆ, ಮುಖಗಳನ್ನು ಪೂರ್ತಿ ಅಳಿಸಿ ಮತ್ತೆ ಬರೆದರು. ಕಂದು, ಕಡುನೀಲಿಗಳನ್ನು ಬೆರೆಸಿ ತೆಗೆದ ಆ ಕಪ್ಪು ಸಂಜೆಯ ಬಿಸಿಲಿನಲ್ಲಿ ನಿಜಕ್ಕೂ ಹೊಳೆಯುತ್ತದೆ.

ಎಡತುದಿಯಲ್ಲಿ, ಹಬ್ಶಿಗಳಂತೆ ಆಫ್ರಿಕಾ ಮೂಲದವರೇ ಆದ ಇಂದಿನ ಸಿದ್ದಿಗಳಿದ್ದಾರೆ. ಅವರು ನಮ್ಮ ಜಿಲ್ಲೆಯವರಲ್ಲ, ಯಲ್ಲಾಪುರ, ಹಳಿಯಾಳದ ಕಡೆಯವರು; ಆದರೂ ಗೋರಿಗಳನ್ನಷ್ಟೇ ಬರೆಸಿ ಬದುಕಿರುವವರನ್ನು ಬಿಡುವುದು ಸರಿಯೆನಿಸಲಿಲ್ಲ. 2003ರಲ್ಲಿ ದೊರೆತ ಪರಿಶಿಷ್ಟ ಪಂಗಡದ ಮಾನ್ಯತೆಯನ್ನೂ, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದನ್ನೂ ಅಲ್ಲಿ ಬರೆಸಿದ್ದೇವೆ. ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ಚೌಕಗಳನ್ನೇ ಅಂಚಿಗೆ ಬಳಸಿರುವುದು ಇಡೀ ಗೋಡೆಯ ಅತ್ಯುತ್ತಮ ಭಾಗ. ಬಣ್ಣದ ಜೋಡಣೆಗಾಗಿ ಪೇಂಟರ್ ತಮ್ಮ ತಾಯಿ ಹೊಲಿದ ಕೌದಿಯನ್ನು ಮನೆಯಿಂದ ತಂದು ಎದುರಿಗೆ ಹರವಿಕೊಂಡಿದ್ದರು.

ಅಕ್ಷರಗಳು ದುಂಡಾಗಿವೆ, ಒತ್ತಕ್ಷರ ಎಲ್ಲಿಯೂ ತಪ್ಪಿಲ್ಲ. ಆದರೆ ಹಸಿ ಗೋಡೆಗೆ ಅವಸರದಲ್ಲಿ ಪ್ರೈಮರ್ ಹೊಡೆದ ಕಾರಣ ಕೆಳಗಿನ ಒಂದು ಅಡಿಯಲ್ಲಿ ಬಣ್ಣ ಈಗಾಗಲೇ ಹಪ್ಪಳದಂತೆ ಏಳುತ್ತಿದೆ. ದೀಪಾವಳಿಯ ನಂತರ ಬಂದು ಸರಿಪಡಿಸುವುದಾಗಿ ಹೇಳಿದ್ದಾರೆ. ಕೊನೆಯ ಕಂತು ಎರಡು ಸಾವಿರ ರೂಪಾಯಿಯನ್ನು ಅಲ್ಲಿಯವರೆಗೆ ತಡೆಹಿಡಿದಿದ್ದೇವೆ.