ರೂಟ್ಸ್: ಬೆರಿಂಬಾವ್ ಮೀಟಿದ ಮೆಟಲ್

ಬ್ರೆಜಿಲ್‌ನ ಮೆಟಲ್ ಬ್ಯಾಂಡ್ ಸೆಪಲ್ಟುರಾ 1996ರಲ್ಲಿ ತಂದ ‘ರೂಟ್ಸ್’ ಆಲ್ಬಮ್ಮಿನ ಜೀವಾಳ ತಾಳವಾದ್ಯ. ‘ರಟಮಹಟ್ಟ’ ಹಾಡಿನಲ್ಲಿ ಅತಿಥಿ ತಾಳವಾದ್ಯಗಾರ ಕಾರ್ಲಿನ್ಯೋಸ್ ಬ್ರೌನ್ ನುಡಿಸುವ ವಾದ್ಯಗಳು ಬ್ಯಾಂಡಿನ ಇಗೊರ್ ಕವಲೇರಾ ಡ್ರಮ್ಸ್‌ಗೆ ಹೆಗಲು ಕೊಡುತ್ತವೆ. ‘ಆಟಿಟ್ಯೂಡ್’ ಶುರುವಾಗುವುದೇ ಬೆರಿಂಬಾವ್‌ನಿಂದ: ಬಿಲ್ಲಿಗೆ ಬಿಗಿದ ಒಂದೇ ತಂತಿ, ಅನುರಣನಕ್ಕೆ ಸೋರೆಬುರುಡೆ, ಮೇಲೆ ಕಡ್ಡಿಯ ಏಟು. ಎಂಥ ಆರಂಭ! ‘ಇಟ್ಸಾರಿ’ಯನ್ನು ಶವಾಂತೆ ಬುಡಕಟ್ಟಿನವರ ಊರಲ್ಲೇ, ಅವರೊಂದಿಗೇ ರೆಕಾರ್ಡ್ ಮಾಡಿದ್ದು, ಅದಕ್ಕೆ ಡಿಸ್ಟಾರ್ಷನ್ (ಮೆಟಲ್ ಗಿಟಾರಿನ ಒರಟು ನಾದ) ಸೋಕಿಸದೆ ಬಿಟ್ಟದ್ದು ಒಳ್ಳೆಯದಾಯಿತು.

ಕೊರತೆಯೂ ಇದೆ. ಗಿಟಾರ್ ಶ್ರುತಿಯನ್ನು ತೀರಾ ಕೆಳಗಿಳಿಸಿರುವುದರಿಂದ ಅದರ ಗುಂಗು ಬಾಸ್ ಮತ್ತು ದೊಡ್ಡ ಡೋಲುಗಳ ಜಾಗಕ್ಕೇ ನುಗ್ಗುತ್ತದೆ. ಫೋನ್ ಸ್ಪೀಕರಿನಲ್ಲಂತೂ ತಾಳ ಅರ್ಧ ಕಳೆದೇಹೋಗುತ್ತದೆ. ಹೆಡ್‌ಫೋನ್ ಹಾಕಿ, ಬಾಸ್ ಬೂಸ್ಟ್ ಆಫ್ ಮಾಡಿ ಕೇಳಿ. ಕೊನೆಯ ಕೆಲವು ಹಾಡುಗಳು ಮಾತ್ರ ಸ್ವಲ್ಪ ಎಳೆದಂತಿವೆ.