ಬ್ರಿಟನ್‌ನಲ್ಲಿ ಕರೆಂಟು, ಗ್ಯಾಸು: ಫಿಕ್ಸೆಡ್ ತಗೊಳ್ಳೋದಾ, ವೇರಿಯಬಲ್ಲಾ?

ಸಾಮಾನ್ಯ ವೇರಿಯಬಲ್ ಟ್ಯಾರಿಫ್‌ನಲ್ಲಿ ದರ ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್‌ನ ಬೆಲೆ ಮಿತಿಯ ಜೊತೆ ಮೂರು ತಿಂಗಳಿಗೊಮ್ಮೆ ಏರಿಳಿಯುತ್ತದೆ. ಯಾವಾಗ ಬೇಕಾದರೂ ಬಿಡಬಹುದು.

ಫಿಕ್ಸೆಡ್‌ನಲ್ಲಿ ಯೂನಿಟ್ ದರ, ದಿನದ ಸ್ಟ್ಯಾಂಡಿಂಗ್ ಚಾರ್ಜ್ (ಬಳಸಿದರೂ ಬಿಟ್ಟರೂ ಕಟ್ಟುವ ಶುಲ್ಕ) ಎರಡೂ ಅವಧಿ ಮುಗಿಯುವವರೆಗೆ ಕದಲುವುದಿಲ್ಲ. ಆದರೆ ಡೈರೆಕ್ಟ್ ಡೆಬಿಟ್ ಮೊತ್ತ, ಅಂದರೆ ತಿಂಗಳು ತಿಂಗಳು ಬ್ಯಾಂಕ್ ಖಾತೆಯಿಂದ ತಾನಾಗೇ ಕಡಿತವಾಗುವ ಹಣ, ಕದಲಬಹುದು! ಗಾಬರಿಯಾಗೋದು ಇಲ್ಲೇ ಅಲ್ವಾ? ವರ್ಷದ ಅಂದಾಜು ಬಳಕೆಯನ್ನು 12 ಕಂತು ಮಾಡಿರುತ್ತಾರೆ. ಉದಾಹರಣೆಗೆ, ತಿಂಗಳಿಗೆ 120 ಪೌಂಡ್ ಕಟ್ಟುತ್ತಿದ್ದೀರಿ ಅನ್ನಿ. ಚಳಿಗೆ ಹೀಟಿಂಗ್ ಜಾಸ್ತಿ ಓಡಿ ಬಾಕಿ ಬಿದ್ದರೆ ಅದು 140 ಆಗಬಹುದು. ದರ ಮಾತ್ರ ಅದೇ. ಸುಮ್ನೆ ಒಪ್ಪಬೇಡಿ, ಮೀಟರ್ ರೀಡಿಂಗ್ ಕಳಿಸಿ ಲೆಕ್ಕ ಕೇಳಿ.

ದರ ಏರಿದರೆ ತಡೆದುಕೊಳ್ಳಲಾಗದ ಮನೆಗೆ ನಾನು ಫಿಕ್ಸೆಡ್ಡನ್ನೇ ಹೇಳುತ್ತೇನೆ. ದರ ಇಳಿದರೆ ಲಾಭ ತಪ್ಪುತ್ತದೆ, ನಿಜ. ಮಧ್ಯೆ ಬಿಟ್ಟರೆ ಎಕ್ಸಿಟ್ ಫೀ ಇರಬಹುದು. ಅವಧಿಯ ಕೊನೆಯ 49 ದಿನ ಅದೂ ಇಲ್ಲ.