ಬೆನ್ನು ನೋವು ಅಂತ ಎಣ್ಣೆ ಉಜ್ಜಿಸಲು ಹೋಗಿ ಮೋಸ ಹೋದೆ, ನೀವು ಹೋಗಬೇಡಿ

ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಇನ್ನೊಬ್ಬರು ಹೋಗಿ ಸಿಕ್ಕಿಬೀಳಬಾರದು.

ನಾವು ತೀರ್ಥಹಳ್ಳಿ ಕಡೆಯವರು. ಅಡಿಕೆ ಕೊಯ್ಲಿನ ಹೊತ್ತಿಗೆ ಅಪ್ಪಯ್ಯನಿಗೆ ಬೆನ್ನು ನೋವು ಶುರುವಾಯಿತು. ಕೊಯ್ಲಿನಲ್ಲಿ ಯಾರ ಮನೆಯಲ್ಲಿ ಬೆನ್ನು ನೋವಿಲ್ಲ ಹೇಳಿ? ಅದಕ್ಕೆ 15 ದಿನ ಮುಂಚೆ ಹೆಗಲ ಹತ್ತಿರ ಒಂದು ಕುರು ಎದ್ದು ಒಡೆದಿತ್ತು. ಶುಗರ್ ಬೇರೆ ಇದೆ. ಕುರುವಿಗೂ ಬೆನ್ನಿಗೂ ನಂಟಿರಬಹುದು ಅಂತ ನನಗೆ ಹೊಳೆಯಲೇ ಇಲ್ಲ.

ಬೆನ್ನು ಸರಿಮಾಡುವ ಒಬ್ಬರ ಹತ್ತಿರ ಕರೆದುಕೊಂಡು ಹೋದೆ. ಹೆಸರು ಬೇಡ. 21 ದಿನದ ಕೋರ್ಸ್, 14 ಸಾವಿರ, ಪೂರ್ತಿ ಮುಂಗಡ. ಅಪ್ಪಯ್ಯ ಬೇಡ ಅಂದರು. ದುಡ್ಡು ಕಟ್ಟಿದ್ದು ನಾನು. ಹೌದು, ನಾನೇ.

ನಾಲ್ಕನೇ ದಿನಕ್ಕೆ ನೋವು ಜಾಸ್ತಿಯಾಯಿತು. ಮಲಗಿದರೂ ಇಳಿಯದು. ರಾತ್ರಿ ಮಗ್ಗುಲು ಬದಲಿಸಲು ಕೂಗಿಕೊಳ್ಳುತ್ತಿದ್ದರು. ಎಣ್ಣೆ ಉಜ್ಜುವವರಿಗೆ ಹೇಳಿದರೆ, "ನರ ಬಿಡ್ತಾ ಇದೆ ತಮ್ಮಾ, ಬಿಡುವಾಗ ನೋಯುತ್ತೆ." ಸಂಜೆ ಮೈ ಬಿಸಿ ಅಂದರೆ, "ಒಳಗಿನ ಉಷ್ಣ ಹೊರಗೆ ಬರ್ತಿದೆ, ಒಳ್ಳೇದೇ ಅಲ್ವಾ?" ಒಳ್ಳೇದಂತೆ! ನಾನೂ ತಲೆಯಾಡಿಸಿ ಬಂದೆ. ಮನೆಯಲ್ಲಿ ನೋವಿನ ಮಾತ್ರೆ ನುಂಗಿಸುತ್ತಿದ್ದೆವು. ಅದರ ಅಡಿಯಲ್ಲಿ ಜ್ವರವೂ ಅಡಗಿ ಕೂತಿತ್ತು.

ಒಂಬತ್ತನೇ ದಿನ ಬೆಳಿಗ್ಗೆ. ಇಬ್ಬನಿಗೆ ಒದ್ದೆಯಾದ ಅಂಗಳ. ಅಪ್ಪಯ್ಯನ ಎಡಗಾಲಿನ ಹವಾಯಿ ಚಪ್ಪಲಿ ಕಳಚಿ ಹಿಂದೆ ಬಿದ್ದಿದೆ, ಅವರು ಕಾಲೆಳೆದುಕೊಂಡು ಮುಂದೆ ಹೋಗುತ್ತಲೇ ಇದ್ದಾರೆ. ಚಪ್ಪಲಿ ಹೋಗಿದ್ದು ಗೊತ್ತೇ ಆಗಿಲ್ಲ. ಬಚ್ಚಲಲ್ಲಿ ಅರ್ಧ ಗಂಟೆ ನಿಂತರೂ ಮೂತ್ರ ಬರಲಿಲ್ಲ. ಗಾಬರಿಯಲ್ಲಿ ಫೋನ್ ಮಾಡಿದರೆ ಆ ಮನುಷ್ಯ, "ನಾಳೆ ಕರ್ಕೊಂಡು ಬನ್ನಿ, ಕಾಲಿಗೂ ಎಣ್ಣೆ ಹಚ್ಚೋಣ" ಅಂದ. ನಾಳೆಯಂತೆ! ಆಗ ಅರ್ಥವಾಯಿತು, ಇವನಿಗೆ ಏನೂ ಗೊತ್ತಿಲ್ಲ ಅಂತ.

ಶಿವಮೊಗ್ಗಕ್ಕೆ ಕಾರು ಓಡಿಸಿದೆ. ಮಂಡಗದ್ದೆ ದಾರಿಯಲ್ಲಿ ಪ್ರತಿ ಕುಲುಕಿಗೂ ಅಪ್ಪಯ್ಯನ ನರಳಾಟ. ಡಾಕ್ಟರ್ ಕುರುವಿನ ಕಲೆ ನೋಡಿದರು. ಕೊಟ್ಟಿಗೆ ಇದೆಯಾ, ಹಸಿ ಹಾಲು ಕುಡಿಯುತ್ತೀರಾ ಅಂತಲೂ ಕೇಳಿದರು. ದನದಿಂದ ಬರುವ ಬ್ರೂಸೆಲ್ಲಾ ಅನ್ನುವ ರೋಗಾಣು ಬೆನ್ನುಮೂಳೆಗೂ ಹತ್ತುತ್ತದಂತೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ, ಶುರುವಿನಲ್ಲಿ ಕಾಣದೆಯೂ ಇರಬಹುದಂತೆ. ಮೈಯೊಳಗೆ ಸೋಂಕು, ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಇಎಸ್‌ಆರ್, ಸಿಆರ್‌ಪಿ ಎರಡೂ ಏರಿದ್ದವು. ಎಂಆರ್‌ಐ ಮಾಡಿದರೆ ಬೆನ್ನುಹುರಿಯನ್ನು ಒತ್ತಿಕೊಂಡು ಕೀವು. ಕುರುವಿನಲ್ಲಿದ್ದ ಸ್ಟೆಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ರಕ್ತದಲ್ಲಿ ಹರಿದು ಅಲ್ಲಿ ಮನೆ ಮಾಡಿತ್ತು. ಅವತ್ತೇ ರಾತ್ರಿ ಆಪರೇಷನ್. ಆಮೇಲೆ 6 ವಾರ ಆ್ಯಂಟಿಬಯಾಟಿಕ್.

"ಜ್ವರ ಬಂದಾಗಲೇ ಯಾಕೆ ಕರ್ಕೊಂಡು ಬರ್ಲಿಲ್ಲ?" ಅಂದರು ಡಾಕ್ಟರ್. ಏನಂತ ಹೇಳಲಿ?

ಬೆನ್ನು ನೋವಿನ ಜೊತೆ ಜ್ವರ ಇದ್ದರೆ, ಮಲಗಿದರೂ ನೋವು ಇಳಿಯದಿದ್ದರೆ, ಶುಗರ್ ಇದ್ದವರಂತೂ, ಉಜ್ಜಿಸಲು ಹೋಗಲೇಬೇಡಿ. ಡಾಕ್ಟರ್ ಹತ್ತಿರ ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ಜ್ವರ ಇಲ್ಲ ಅಂತ ಸುಮ್ನೆ ಕೂರಬೇಡಿ, ಎಷ್ಟೋ ಜನರಿಗೆ ಜ್ವರವೇ ಬರುವುದಿಲ್ಲವಂತೆ. ತಿಂಗಳುಗಟ್ಟಲೆ ನೋವು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು. ಕಾಲು ಸೋತರೆ, ಮೂತ್ರ ಕಟ್ಟಿದರೆ ಆ ಗಳಿಗೆಯೇ ದೊಡ್ಡ ಆಸ್ಪತ್ರೆಗೆ ಓಡಿ.

ಅಪ್ಪಯ್ಯ ಈಗ ಕೋಲು ಹಿಡಿದು ಓಡಾಡುತ್ತಾರೆ. ಎಡಗಾಲು ಇನ್ನೂ ಎಳೆಯುತ್ತದೆ. ದುಡ್ಡು ವಾಪಸ್ ಕೇಳಲು ಹೋದೆ. "ಕೋರ್ಸ್ ಮಧ್ಯದಲ್ಲಿ ಬಿಟ್ಟೋರು ನೀವು. ಬೇಕಾದ್ರೆ ಉಳಿದ 13 ದಿನ ನಿಮ್ಮ ಅಮ್ಮಂಗೆ ಮಾಡಿಕೊಡ್ತೀನಿ" ಅಂದ.